ಸಹಾಯ ಬೇಕು: ಹಿತ್ತಲ ಹೊಂಡ ಇನ್ನೂ ಆಳಕ್ಕೆ ತೋಡಬೇಕಾ, ಇಲ್ಲೇ ನಿಲ್ಲಿಸಬೇಕಾ?

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ 30 ಅಡಿ ಉದ್ದ, 20 ಅಡಿ ಅಗಲದ ಹೊಂಡ ತೋಡುತ್ತಿದ್ದೇನೆ. ಇರುವುದು 25 ಎಚ್‌ಪಿ ಸಣ್ಣ ಟ್ರ್ಯಾಕ್ಟರ್, ಮುಂದೆ ಲೋಡರ್ ಬಕೆಟ್. 5 ಅಡಿ ಆಳ ಬೇಕು ಅಂತ ಆಸೆ.

ಮೊದಲ 2 ಅಡಿ ಸಲೀಸಾಗಿ ಬಂತು. ಆಮೇಲೆ ಗಟ್ಟಿ ಜೇಡಿಮಣ್ಣು. ಬಕೆಟ್ ಸುಮ್ನೆ ಮೇಲೆ ಜಾರುತ್ತದೆ, ಕಚ್ಚುವುದೇ ಇಲ್ಲ. ರಾತ್ರಿ ನೀರು ಬಿಟ್ಟು ನೆನೆಸಿ ನೋಡಿದೆ, ಬೆಳಿಗ್ಗೆ ಬೆಣ್ಣೆ ಥರ ಆಗಿ ಟೈರ್ ತಿರುಗಿದಲ್ಲೇ ತಿರುಗಿತು, ಇಳಿಜಾರು ಹತ್ತಿ ಹೊರಗೆ ಬರುವುದಕ್ಕೇ ಒದ್ದಾಡಿದೆ. ಒಣಗಲು ಬಿಟ್ಟು, ಹಿಂದೆ ರಿಪ್ಪರ್ (ಗಟ್ಟಿ ಮಣ್ಣು ಸೀಳುವ ಕಬ್ಬಿಣದ ಹಲ್ಲು) ಕಟ್ಟಿ ಸೀಳಿ, ಸಡಿಲವಾದ ಮಣ್ಣನ್ನಷ್ಟೇ ಎತ್ತಿದೆ. ಹಾಗೆ ಮೂರೂವರೆ ಅಡಿಗೆ ಬಂದಿದ್ದೇನೆ.

ಅಸಲಿ ಗೊಂದಲ ಈಗ ಶುರು. ಒಂದು ಮೂಲೆಯಲ್ಲಿ ಹಾರೆಯಿಂದ ಪರೀಕ್ಷೆಗೆ ಗುಂಡಿ ತೆಗೆದೆ. ನಾಲ್ಕೂವರೆ ಅಡಿಯಲ್ಲಿ ಜೇಡಿ ಮುಗಿದು ಹಳದಿ ಮರಳು ಬಂತು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ. ಅದಕ್ಕೆ ಒಂದು ಬಕೆಟ್ ನೀರು ಸುರಿದರೆ ಅರ್ಧ ಗಂಟೆಯಲ್ಲಿ ಮಾಯ. ಪಕ್ಕದಲ್ಲೇ ಜೇಡಿಯಲ್ಲಿ ತೆಗೆದ ಗುಂಡಿಯಲ್ಲಿ ಮಾರನೇ ದಿನವೂ ನೀರು ನಿಂತಿತ್ತು. ಅಂದರೆ ಆ ಜೇಡಿ ಪದರವೇ ನನ್ನ ಹೊಂಡದ ತಳ, ಅಲ್ವಾ?

ನೀರು ಇಂಗದಂತೆ ತಳಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಲು ಮನಸ್ಸಿಲ್ಲ. ತೆಗೆದ ಜೇಡಿಯನ್ನು ಬೇರೆ ರಾಶಿ ಹಾಕಿ ಇಟ್ಟಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ: ಮೂರೂವರೆ ಅಡಿಗೇ ನಿಲ್ಲಿಸಿ ಉಳಿದ 1 ಅಡಿ ಜೇಡಿಯನ್ನು ಹಾಗೇ ಬಿಡಲಾ? ಅಥವಾ ಮರಳಿನವರೆಗೂ ತೋಡಿ, ಜೇಡಿಯನ್ನು ವಾಪಸ್ ಹರಡಿ ದಮ್ಮಸು ಮಾಡಿದರೆ ನೀರು ನಿಲ್ಲುತ್ತದಾ? ಹಾಗೆ ಮಾಡಿದವರು ಎಷ್ಟು ದಪ್ಪ ಹಾಕಿದಿರಿ, ಸಣ್ಣ ಟ್ರ್ಯಾಕ್ಟರ್ ಟೈರಿನ ಭಾರ ಅದಕ್ಕೆ ಸಾಕಾಯಿತಾ, ದಯವಿಟ್ಟು ಹೇಳಿ.