ಹೊಟ್ಟೆಯಲ್ಲಿ ಹುಳ ಇದ್ದಾಗ ರೇಡಿಯೇಷನ್ ಕೊಟ್ಟರೆ ಬ್ಲಡ್ ಕ್ಯಾನ್ಸರ್ ಬರುತ್ತಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಅಪ್ಪನಿಗೆ 64 ವರ್ಷ, ಗದ್ದೆ ಕೆಲಸ. ಗಂಟಲು ಕ್ಯಾನ್ಸರಿಗೆ ರೇಡಿಯೇಷನ್ ಶುರುವಾಗಬೇಕು. ಮಲ ಪರೀಕ್ಷೆಯಲ್ಲಿ ಸ್ಟ್ರಾಂಗಿಲಾಯ್ಡಿಸ್ ಅನ್ನೋ ಹುಳ ಸಿಕ್ಕಿದೆ. ಹುಳ ಇದ್ದವರಿಗೆ ರೇಡಿಯೇಷನ್ ತಗುಲಿದರೆ ಬ್ಲಡ್ ಕ್ಯಾನ್ಸರ್ ಬರುತ್ತೆ, ನಾಗಸಾಕಿಯಲ್ಲಿ ಹಾಗೇ ಆಯ್ತು ಅಂತ ವಾಟ್ಸಾಪಲ್ಲಿ ಬಂದಿದೆ. ನಿಜವಾ?

ಉತ್ತರ (ರಕ್ತರೋಗ ತಜ್ಞರು): ಯಾರೋ ಎರಡು ಕಥೆ ಕಲಸಿಬಿಟ್ಟಿದ್ದಾರೆ. 1945ರ ಅಣುಬಾಂಬಿನ ನಂತರ ಹಿರೋಶಿಮಾ, ನಾಗಸಾಕಿ ಎರಡೂ ಕಡೆ ಲ್ಯುಕೇಮಿಯಾ (ಒಂದು ಬಗೆಯ ಬ್ಲಡ್ ಕ್ಯಾನ್ಸರ್) ಹೆಚ್ಚಿತು. ಎರಡು ವರ್ಷಕ್ಕೆ ಏರತೊಡಗಿ, ಆರರಿಂದ ಎಂಟು ವರ್ಷದ ಹೊತ್ತಿಗೆ ಅತಿ ಹೆಚ್ಚಾಯಿತು. ಮೂಳೆ ಮಜ್ಜೆಗೆ ಬಿದ್ದ ಡೋಸ್ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ, ಮಕ್ಕಳಿಗಂತೂ ಇನ್ನೂ ಜಾಸ್ತಿ. ಅದಕ್ಕೆ ಹುಳ ಬೇಕಿರಲಿಲ್ಲ.

ನಾಗಸಾಕಿ ಇರುವ ಕ್ಯೂಶು ದ್ವೀಪದಲ್ಲಿ ಇನ್ನೊಂದು ಬ್ಲಡ್ ಕ್ಯಾನ್ಸರ್ ಇದೆ, ಅಡಲ್ಟ್ ಟಿ-ಸೆಲ್ ಲ್ಯುಕೇಮಿಯಾ. ಜಪಾನಿನ ವೈದ್ಯರು ಇದನ್ನು 1977ರಲ್ಲಿ ಗುರುತಿಸಿದರು. ಕಾರಣ ಎಚ್‌ಟಿಎಲ್‌ವಿ-1 ವೈರಸ್, ಮುಖ್ಯವಾಗಿ ಎದೆಹಾಲಿನಿಂದ ದಾಟುತ್ತದೆ. ಇದಕ್ಕೂ ಬಾಂಬಿಗೂ ನಂಟು ಕಂಡಿಲ್ಲ. ನಿಮ್ಮ ಹುಳ ಬರುವುದು ಇಲ್ಲಿ. ಆ ವೈರಸ್ ಇರುವವರಲ್ಲಿ ಸ್ಟ್ರಾಂಗಿಲಾಯ್ಡಿಸ್ ಸುಲಭಕ್ಕೆ ಬಿಡುವುದಿಲ್ಲ. ಈ ಹುಳ ಟಿ-ಕಣಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಕೆರಳಿಸಿ ಕ್ಯಾನ್ಸರನ್ನು ಬೇಗ ಬರಿಸುತ್ತದೇನೋ ಅನ್ನುವ ಅನುಮಾನ ಸಂಶೋಧಕರಿಗಿದೆ. ಸಾಬೀತಾಗಿಲ್ಲ.

ಪರಾವಲಂಬಿಯೊಂದು ಬ್ಲಡ್ ಕ್ಯಾನ್ಸರಿಗೆ ದಾರಿ ಮಾಡಿಕೊಡುವುದಕ್ಕೆ ಗಟ್ಟಿ ಪುರಾವೆ ಇರುವುದು ಆಫ್ರಿಕಾದ ಮಕ್ಕಳ ಬರ್ಕಿಟ್ ಲಿಂಫೋಮಾದಲ್ಲಿ. ಮಲೇರಿಯಾ ಮತ್ತು ಎಪ್‌ಸ್ಟೀನ್-ಬಾರ್ ವೈರಸ್ ಸೇರಿ ಮಾಡುವ ಕೆಲಸ ಅದು. ಅಲ್ಲೂ ರೇಡಿಯೇಷನ್ ಇಲ್ಲ, ನೋಡಿ.

ಗಂಟಲಿಗೆ ಕೊಡುವ ರೇಡಿಯೇಷನ್ ಮಜ್ಜೆಯ ಸಣ್ಣ ಭಾಗಕ್ಕಷ್ಟೇ ತಾಗುತ್ತದೆ. ಮುಂದೆ ಲ್ಯುಕೇಮಿಯಾ ಬರುವ ಅಪಾಯ ಸೊನ್ನೆ ಅಲ್ಲ, ತುಂಬಾ ಕಡಿಮೆ. ಆ ಮೆಸೇಜ್ ನಂಬಿ ಚಿಕಿತ್ಸೆ ಮುಂದೂಡಬೇಡಿ.

ಪ್ರಶ್ನೆ: ಹಾಗಾದ್ರೆ ಹುಳದ ಚಿಂತೆ ಬೇಡ ಅಲ್ವಾ?

ಉತ್ತರ: ಅಯ್ಯೋ, ಹಾಗಲ್ಲ! ನಿಜವಾದ ಭಯ ಇರುವುದು ಸ್ಟೀರಾಯ್ಡ್‌ನಲ್ಲಿ. ವಾಂತಿ, ಊತ ತಡೆಯಲು ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಡುವುದುಂಟು. ಬರಿಗಾಲಿನ ಚರ್ಮದಿಂದ ಒಳಹೊಕ್ಕ ಈ ಹುಳ ಕರುಳಲ್ಲೇ ಮರಿ ಮಾಡಿಕೊಂಡು ದಶಕಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಸ್ಟೀರಾಯ್ಡ್ ಬಿದ್ದರೆ ವಿಪರೀತ ಹೆಚ್ಚಿ ಶ್ವಾಸಕೋಶ, ಮಿದುಳಿಗೂ ಹರಡಬಹುದು. ಜೀವಕ್ಕೇ ಅಪಾಯ. ಐವರ್‌ಮೆಕ್ಟಿನ್ ಒಳ್ಳೆಯ ಔಷಧ, ಆದರೆ ಅಂಗಡಿಯಿಂದ ಸುಮ್ನೆ ತಂದು ನುಂಗಿಸಬೇಡಿ. ಮಲ ಪರೀಕ್ಷೆಯ ರಿಪೋರ್ಟನ್ನು ಇವತ್ತೇ ರೇಡಿಯೇಷನ್ ಡಾಕ್ಟರಿಗೆ ತೋರಿಸಿ.

ಇನ್ನೊಬ್ಬ ಸದಸ್ಯರು: ನನ್ನ ರಿಪೋರ್ಟಲ್ಲಿ ಇಯೋಸಿನೊಫಿಲ್ ಜಾಸ್ತಿ. ಬ್ಲಡ್ ಕ್ಯಾನ್ಸರಾ?

ಉತ್ತರ: ಇಯೋಸಿನೊಫಿಲ್ ಒಂದು ಬಗೆಯ ಬಿಳಿ ರಕ್ತಕಣ. ಅದು ಜಾಸ್ತಿಯಾಗಲು ನಮ್ಮ ಕಡೆ ಹೆಚ್ಚಾಗಿ ಕಾರಣ ಹುಳ ಅಥವಾ ಅಲರ್ಜಿ. ಆದರೂ ಎಷ್ಟಿದೆ, ಎಷ್ಟು ದಿನದಿಂದ ಇದೆ ಅಂತ ನೋಡಬೇಕು. ರಿಪೋರ್ಟ್ ಹಿಡಿದು ಹತ್ತಿರದ ಫಿಸಿಷಿಯನ್ ಹತ್ರ ಹೋಗಿ.