ಸಹಾಯ ಬೇಕು: ಬೇಯಿಸಿದ ಅಡುಗೆಯ ಪಾಲಿಫಿನಾಲ್ ಲೆಕ್ಕ ಹೇಗೆ?

ನಮಸ್ಕಾರ. ಮುಂಬೈನಲ್ಲಿ ನ್ಯೂಟ್ರಿಷನ್ ಎಂಎಸ್ಸಿ ಮಾಡುತ್ತಿದ್ದೇನೆ. ಡೊಂಬಿವಲಿ, ಮಾಟುಂಗಾ ಕಡೆಯ ಕನ್ನಡ ಮನೆಗಳಲ್ಲಿ ದೊಡ್ಡವರಿಗೆ ದಿನಕ್ಕೆ ಎಷ್ಟು ಪಾಲಿಫಿನಾಲ್ (ಕಾಳು, ಹಣ್ಣು, ಚಹಾದಂಥ ಸಸ್ಯಮೂಲದ ಆಹಾರದಲ್ಲಿ ಸಹಜವಾಗಿ ಇರುವ ಒಂದು ಬಗೆಯ ರಾಸಾಯನಿಕಗಳು) ಸಿಗುತ್ತದೆ, ಯಾವ ಆಹಾರದಿಂದ ಅನ್ನೋದು ಪ್ರಾಜೆಕ್ಟ್. ಯಾರು ಏನು ತಿನ್ನುತ್ತಾರೆ ಅಂತ ಕೇಳಿ ಬರೆದುಕೊಂಡಾಗಿದೆ. ಅಡಿಕೆಯಲ್ಲೂ ಪಾಲಿಫಿನಾಲ್ ಜಾಸ್ತಿ, ಆದರೆ ಎಲೆಅಡಿಕೆ ಹಾಕ್ತೀರಾ ಅಂದರೆ ಯಾರೂ ಬಾಯಿ ಬಿಡುವುದಿಲ್ಲ!

ಚಹಾ, ಕಾಫಿಗೆ ಫಿನಾಲ್ ಎಕ್ಸ್‌ಪ್ಲೋರರ್ ಅನ್ನೋ, ಆಹಾರಗಳ ಪಾಲಿಫಿನಾಲ್ ಅಂಕಿ ಕೊಡುವ ಡೇಟಾಬೇಸ್ ಸಾಕಾಯಿತು. ರಾಗಿ, ಹುರುಳಿಗೆ ಹೈದರಾಬಾದಿನ ಎನ್‌ಐಎನ್‌ನ (ರಾಷ್ಟ್ರೀಯ ಪೋಷಣಾ ಸಂಸ್ಥೆ) 2017ರ ಆಹಾರ ಕೋಷ್ಟಕ ಹಿಡಿದೆ. ಅದರಲ್ಲಿರುವುದು ಬೇಯಿಸದ ಕಾಳಿನ ಅಂಕಿ. ಹುರುಳಿ ಬೇಯಿಸಿದರೆ ಒಂದಷ್ಟು ಪಾಲಿಫಿನಾಲ್ ನೀರಿಗೆ ಇಳಿಯುತ್ತದೆ. ಆದರೆ ನಮ್ಮವರು ಆ ಕಟ್ಟನ್ನು ಚೆಲ್ಲುವುದಿಲ್ಲ, ಸಾರು ಮಾಡುತ್ತಾರೆ ಅಲ್ವಾ? ಹಾಗಾದರೆ ಕಳೆಯಬೇಕಾ, ಬೇಡವಾ?

ಪುನರ್ಪುಳಿಗೆ ಸಿಕ್ಕಿದ್ದು ಫೋಲಿನ್ ವಿಧಾನದ (ಬಣ್ಣ ಬದಲಾಗುವುದನ್ನು ಅಳೆದು ಒಟ್ಟು ಪಾಲಿಫಿನಾಲ್ ಅಂದಾಜು ಮಾಡುವ ಪರೀಕ್ಷೆ) ಅಂಕಿ ಮಾತ್ರ. ಆ ಪರೀಕ್ಷೆಯಲ್ಲಿ ವಿಟಮಿನ್ ಸಿ ಕೂಡ ಸೇರಿಕೊಳ್ಳುತ್ತದೆ, ಅಂಕಿ ಉಬ್ಬುತ್ತದೆ. ಒಂದೊಂದೇ ಪಾಲಿಫಿನಾಲ್ ಅಳೆದು ಕೂಡಿಸಿದ ಅಂಕಿಯ ಪಕ್ಕ ಇದನ್ನು ಸುಮ್ನೆ ಇಟ್ಟು ಕೂಡಿಸಲು ಮನಸ್ಸು ಒಪ್ಪುತ್ತಿಲ್ಲ. ಗೈಡ್ ‘ನೀನೇ ನಿರ್ಧರಿಸು’ ಅಂದುಬಿಟ್ಟರು.

ಈ ಕೆಲಸ ಮಾಡಿದವರು ಹೇಳಿ: ಎರಡು ವಿಧಾನದ ಅಂಕಿಗಳನ್ನು ಒಂದೇ ಮೊತ್ತಕ್ಕೆ ಸೇರಿಸಬಹುದಾ, ಬೇರೆ ಬೇರೆ ತೋರಿಸಬೇಕಾ? ಮುದ್ದೆ, ಹುರುಳಿ ಸಾರಿಗೆ ಬೇಯಿಸಿದ ಮೇಲಿನ ಅಂಕಿ ಎಲ್ಲಿ ಸಿಗುತ್ತದೆ?