ನೋಡುವವರು ಜಾಸ್ತಿಯಾದರು, ವಿಡಿಯೊ ಪೂರೈಸಲು ಆಗುತ್ತಿಲ್ಲ: ಅನುಭವ ಇದ್ದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ

ನಾನು, ನಮ್ಮ ಮನೆಯವರು ಸೇರಿ ತೋಟ ಮತ್ತು ಮಲೆನಾಡು ಅಡುಗೆಯ ಯೂಟ್ಯೂಬ್ ಚಾನೆಲ್ ನಡೆಸುತ್ತೇವೆ. ಮೊದಲು ವಾರಕ್ಕೊಂದು ವಿಡಿಯೊ ಸಾಕಾಗುತ್ತಿತ್ತು. ಈಗ ದಿನಾ ಹಾಕಿ, ಶಾರ್ಟ್ಸ್ ಹಾಕಿ, ಲೈವ್ ಬನ್ನಿ ಅನ್ನುತ್ತಾರೆ. ವಿದೇಶದಲ್ಲಿರುವ ಕೆಲವರಿಗೆ ಟಿವಿಯಲ್ಲಿ ನೋಡಲು 4ಕೆ, ಅಂದರೆ ತುಂಬಾ ಸ್ಪಷ್ಟವಾದ ದೊಡ್ಡ ಚಿತ್ರ, ಬೇಕಂತೆ. ನಮ್ಮಲ್ಲಿ ಅಪ್‌ಲೋಡ್ 5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಸಿಕ್ಕರೆ ಪುಣ್ಯ. ಮಳೆಗಾಲದಲ್ಲಿ ಕರೆಂಟಿಗೂ ಗತಿಯಿಲ್ಲ. ಇನ್ನೊಂದು ತಲೆನೋವು: ಮಳೆಯಲ್ಲಿ ತೆಗೆದದ್ದು ಫೋನಿನಲ್ಲಿ ಚೆನ್ನಾಗಿರುತ್ತದೆ, ಚಾನೆಲ್‌ಗೆ ಹಾಕಿದ ಮೇಲೆ ಮಸುಕು. ಹೊಸ ಕ್ಯಾಮೆರಾ ತಗೋಬೇಕಾ? ಇದರಲ್ಲಿ ಯಾವುದನ್ನು ಬಿಡಬಹುದು?

ವಿಡಿಯೊ ಸ್ಟ್ರೀಮಿಂಗ್ ಎಂಜಿನಿಯರ್, ಬೆಂಗಳೂರು

ಕ್ಯಾಮೆರಾಗೆ ದುಡ್ಡು ಹಾಕಬೇಡಿ ಮೇಡಂ. ತೊಂದರೆ ಇರುವುದು ಮಳೆಯಲ್ಲೇ! ವಿಡಿಯೊ ಕುಗ್ಗಿಸುವಾಗ ಪ್ರತಿ ಚಿತ್ರವನ್ನೂ ಪೂರ್ತಿ ಇಡುವುದಿಲ್ಲ. ಹಿಂದಿನದಕ್ಕಿಂತ ಏನು ಬದಲಾಯಿತೋ ಹೆಚ್ಚಾಗಿ ಅಷ್ಟನ್ನೇ ಇಡುತ್ತಾರೆ. ಅಡುಗೆಮನೆಯಲ್ಲಿ ಒಲೆ, ಗೋಡೆ ಕದಲುವುದಿಲ್ಲ, ಕೈ ಮಾತ್ರ ಆಡುತ್ತದೆ. ಅಡಿಕೆ ತೋಟದ ಮಳೆಯಲ್ಲಿ ಪ್ರತಿ ಸೋಗೆ, ಪ್ರತಿ ಹನಿ ಅಲುಗುತ್ತದೆ. ಇದ್ದ ಬಿಟ್‌ರೇಟ್ (ಪ್ರತಿ ಸೆಕೆಂಡಿನ ವಿಡಿಯೊಗೆ ಸಿಗುವ ಡೇಟಾ) ಸಾಲದೆ ಎಲೆಗಳೆಲ್ಲ ಕಲಸಿಹೋಗುತ್ತವೆ. ಜಗಲಿಯಲ್ಲಿ ಸ್ಟ್ಯಾಂಡ್ ಇಟ್ಟು ತೆಗೆಯಿರಿ, ಫೋನ್ ಅಲುಗದಿದ್ದರೆ ಅರ್ಧ ಗೆದ್ದಂತೆ. ಇಡೀ ತೋಟ ತೋರಿಸುವ ಶಾಟ್ ಕಡಿಮೆ ಮಾಡಿ, ಒಂದು ಗೊನೆಯ ಹತ್ತಿರ ಹೋಗಿ. ಎಡಿಟ್ ಮಾಡಲು ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸುತ್ತಿದ್ದರೆ ಅಲ್ಲೇ ಒಂದು ಸಲ ಕೆಟ್ಟಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

4ಕೆ ಲೆಕ್ಕ ನೋಡಿ. ಸೆಕೆಂಡಿಗೆ 30 ಚಿತ್ರವಿರುವ ಮಾಮೂಲಿ 1080ಪಿಗೆ (ಫುಲ್ ಎಚ್‌ಡಿ) ಯೂಟ್ಯೂಬ್ ಸೂಚಿಸುವುದು 8 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 1 ಎಂಬಿ. 10 ನಿಮಿಷದ ವಿಡಿಯೊಗೆ 600 ಎಂಬಿ, ನಿಮ್ಮ ಲೈನಿನಲ್ಲಿ ಏರಿಸಲು 16 ನಿಮಿಷ. 4ಕೆಗೆ 35ರಿಂದ 45 ಬೇಕು. ಅಂದರೆ ಸುಮಾರು 3 ಜಿಬಿ, ಒಂದು ಗಂಟೆ 20 ನಿಮಿಷ, ಅದೂ ಮಧ್ಯೆ ಕರೆಂಟ್ ಹೋಗದಿದ್ದರೆ!

ಹಾಗೆ ನೋಡಿದರೆ ನಿಮ್ಮ ಮೂಲ ವಿಡಿಯೊ ಯಾರಿಗೂ ಹಾಗೇ ಹೋಗುವುದಿಲ್ಲ. ಅದನ್ನು ಹಲವು ಗಾತ್ರದಲ್ಲಿ ಮಾಡಿ, ಕೆಲವು ಸೆಕೆಂಡಿನ ತುಂಡುಗಳಾಗಿ ಇಟ್ಟಿರುತ್ತಾರೆ. ನೋಡುವವರ ನೆಟ್‌ವರ್ಕ್‌ಗೆ ತಕ್ಕ ತುಂಡು ಹೋಗುತ್ತದೆ. ಕುಗ್ಗಿಸುವುದಕ್ಕೂ ಬೇರೆ ಬೇರೆ ವಿಧಾನಗಳಿವೆ. 2018ರಲ್ಲಿ ಬಂದ ಎವಿ1 ಎಂಬ ವಿಧಾನದಲ್ಲಿ ಗಾತ್ರ ಚಿಕ್ಕದು, ಆದರೆ ಹಾಗೆ ಕುಗ್ಗಿಸಲು ಕಂಪ್ಯೂಟರ್ ಕೆಲಸ ಜಾಸ್ತಿ. ಹಳೇ ಫೋನುಗಳಿಗೆ ಅದನ್ನು ತೋರಿಸುವುದೂ ಕಷ್ಟ. ಹಾಗಾಗಿ 2003ರ ಹಳೇ ವಿಧಾನ ಎಚ್.264 ಇನ್ನೂ ಓಡುತ್ತಿದೆ. ಅಪ್‌ಲೋಡ್ ಆದ ತಕ್ಷಣ ಕಡಿಮೆ ಗುಣಮಟ್ಟದ್ದು ಮೊದಲು ಸಿದ್ಧವಾಗುತ್ತದೆ. ಎಚ್‌ಡಿ ಬರುವ ತನಕ ಪ್ರೈವೇಟ್ ಇಡಿ, ಆಮೇಲೆ ಬಿಡಿ. ಮೊದಲು ನೋಡಿದವರು "ಮಸುಕು" ಅನ್ನಲು ಇದೂ ಒಂದು ಕಾರಣ.

ಯಕ್ಷಗಾನ ಲೈವ್ ಮಾಡುವವರು, ಕುಂದಾಪುರ

ಲೈವ್ ಕೇಳಿದರೆ ಅಕ್ಕ, ಸದ್ಯಕ್ಕೆ ಬೇಡ ಅನ್ನುತ್ತೇನೆ. ನಾವು ಮಧ್ಯಾಹ್ನ ಬಯಲಿಗೆ ಹೋಗಿ ಪರೀಕ್ಷೆ ಮಾಡುತ್ತೇವೆ, ಸಿಗ್ನಲ್ ಚೆಂದ ಇರುತ್ತದೆ. ರಾತ್ರಿ ಆಟಕ್ಕೆ ಜನ ಸೇರಿದ ಮೇಲೆ ಎಲ್ಲರ ಫೋನೂ ಅದೇ ಟವರಿಗೆ. ನಮ್ಮ ಅಪ್‌ಲೋಡ್ ಮುಗ್ಗರಿಸುತ್ತದೆ. ಈಗ ಹತ್ತಿರದ ಮನೆಯವರನ್ನು ಕೇಳಿ, ಅವರ ಫೈಬರ್‌ನಿಂದ ಕೇಬಲ್ ಎಳೆಯುತ್ತೇವೆ, 720ಪಿಯಲ್ಲೇ ಬಿಡುತ್ತೇವೆ. ಕ್ಯಾಮೆರಾದಲ್ಲಿ ಬೇರೆ ರೆಕಾರ್ಡ್ ಓಡುತ್ತಿರುತ್ತದೆ. ಲೈವ್ ಕಡಿದರೂ ಪ್ರಸಂಗ ಉಳಿಯುತ್ತದೆ. 2023ರ ವಿಶ್ವಕಪ್ ಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಮಂದಿ ನೋಡಿದರಂತೆ. ಅದು ಇಳಿಸುವ ಕಡೆಯ ಕಷ್ಟ, ಅವರ ಹತ್ತಿರ ದುಡ್ಡಿದೆ. ನಮ್ಮದು ಏರಿಸುವ ಕಡೆಯದು.

ಹತ್ತನೇ ತರಗತಿ ಗಣಿತ ಪಾಠ ಹಾಕುವ ಮೇಷ್ಟ್ರು, ಕಲಬುರಗಿ

ದಿನಾ ಹಾಕಿ ಅನ್ನುವವರು ಎಲ್ಲವನ್ನೂ ನೋಡುತ್ತಾರೆ ಅಂತೇನಿಲ್ಲ. ಶಾರ್ಟ್ಸ್ ಹುಚ್ಚಿಗೂ ಸ್ವಲ್ಪ ಹುಷಾರು. ಜಾಹೀರಾತಿನ ದುಡ್ಡು ಬರಲು 1000 ಚಂದಾದಾರರ ಜೊತೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಆ 4000ಕ್ಕೆ ಸೇರುವುದಿಲ್ಲ. ಶಾರ್ಟ್ಸ್ ದಾರಿಯಲ್ಲೇ ಹೋದರೆ 90 ದಿನದಲ್ಲಿ 1 ಕೋಟಿ ವೀಕ್ಷಣೆ ಕೇಳುತ್ತಾರೆ. ಅದಕ್ಕೆ ನಾನು ಬೇರೆ ಶೂಟ್ ಮಾಡುವುದೇ ಇಲ್ಲ. ಉದ್ದ ಪಾಠದಲ್ಲೇ ಒಂದು ಲೆಕ್ಕ ಕತ್ತರಿಸಿ ಹಾಕುತ್ತೇನೆ.

ನಮ್ಮ ಮಕ್ಕಳು ನೋಡುವುದು ಅಪ್ಪನ ಫೋನಿನಲ್ಲಿ, ದಿನದ ಡೇಟಾದಲ್ಲಿ ಉಳಿದಷ್ಟರಲ್ಲಿ. ಹಲವರು 360ಪಿಗೆ ಇಳಿಸಿಕೊಂಡಿರುತ್ತಾರೆ. ಆಗ ಚಿತ್ರ ಮಸುಕಾದರೂ ತಡೆಯುತ್ತಾರೆ, ಮಾತು ಕೇಳದಿದ್ದರೆ ಬಿಟ್ಟೇಬಿಡುತ್ತಾರೆ. ಕಾಲರ್ ಮೈಕ್ ತಗೊಳ್ಳಿ.

ನೋಡುವವಳು, ಅಮೆರಿಕದಿಂದ

4ಕೆ ಕೇಳಿದವರಲ್ಲಿ ನಾನೂ ಇರಬಹುದು! ಟಿವಿಯಲ್ಲಿ ಹಾಕಿಕೊಂಡು ಅತ್ತೆಯ ಜೊತೆ ನೋಡುತ್ತೇವೆ. ನಿಜ ಹೇಳಬೇಕೆಂದರೆ 1080ಪಿ ಸಾಕು. ಅವಸರದಲ್ಲಿ ಕತ್ತರಿಸಬೇಡಿ ಅಷ್ಟೆ. ಪತ್ರೊಡೆ ಸುತ್ತುವುದನ್ನು ಪೂರ್ತಿ ತೋರಿಸಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. 4ಕೆ, ಲೈವ್ ಎರಡೂ ಬಿಟ್ಟೆವು. ವಾರಕ್ಕೆ ಒಂದೇ ಉದ್ದ ವಿಡಿಯೊ, ಅದರಲ್ಲೇ ಶಾರ್ಟ್ಸ್. ಕರೆಂಟ್ ಹೋದಾಗ ಅಪ್‌ಲೋಡ್ ಅರ್ಧಕ್ಕೆ ನಿಲ್ಲುವುದಕ್ಕೆ ಏನು ಮಾಡುತ್ತೀರಿ?

ಕುಂದಾಪುರದವರು

ರೂಟರ್‌ಗೆ ಅಂತಲೇ ಚಿಕ್ಕ ಯುಪಿಎಸ್ ಸಿಗುತ್ತದೆ ಅಕ್ಕ. ನಿಮ್ಮ ಅಡಾಪ್ಟರ್ ಮೇಲೆ 9 ವೋಲ್ಟ್ ಇದೆಯೋ 12 ಇದೆಯೋ ನೋಡಿಕೊಂಡು ತಗೊಳ್ಳಿ. ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ ಒಂದು ಬೇಕು.